ಹಿಂಗಾರಿನ ತೇವ, ತೊಟ್ಟಿಮನೆಯ ಗಳ

ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟ ಚಾಮರಾಜನಗರವೂ ನೆರೆಯ ಗುಂಡ್ಲುಪೇಟೆಯೂ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ, ಇಲ್ಲಿ ಬಟ್ಟೆ ಒಣಗದೆ ಕಾಡುವ ಕಾಲ ಮಲೆನಾಡಿನಂತೆ ಆಷಾಢ, ಶ್ರಾವಣಗಳಲ್ಲ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಸುರಿಯುವ ಹಿಂಗಾರಿನ ದಿನಗಳು. ನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ತೊಟ್ಟಿಮನೆಯ ಪಡಸಾಲೆಯಲ್ಲಿ, ತೊಲೆಯಿಂದ ಹಗ್ಗದಲ್ಲಿ ತೂಗುಬಿಟ್ಟ ಬಿದಿರಿನ ಗಳಕ್ಕೆ ಒದ್ದೆ ಸೀರೆಯನ್ನು ಕೋಲಿನ ತುದಿಯಿಂದ ಎತ್ತಿ ಹರಡಿದರೆ, ಒಲೆಯ ಕಾವಿಗೆ ಬೆಚ್ಚಗಾಗಿ ಮೇಲೇರಿದ ಗಾಳಿಯು ನೀರಿನಂಶವನ್ನು ಹೊತ್ತು ಹೆಂಚಿನ ಸಂದುಗಳಿಂದ ಹೊರಬೀಳುತ್ತಿತ್ತು. ಹಸುಗೂಸಿನ ಬಟ್ಟೆ ಮಾತ್ರ ಕೆಂಡದ ಮೇಲೆ ಕವುಚಿದ ಬುಟ್ಟಿಯ ಬೆನ್ನೇರಿ, ಸಾಂಬ್ರಾಣಿಯ ಹೊಗೆಯಲ್ಲಿ ಒಣಗುತ್ತಿತ್ತು.

ತೇವವನ್ನು ಪಳಗಿಸುವ ಈ ತಿಳಿವಳಿಕೆ ಈ ಸೀಮೆಯ ರೇಷ್ಮೆ ಸಾಕಣೆಯಲ್ಲಿ ಇನ್ನೂ ಸೂಕ್ಷ್ಮವಾಗಿದೆ: ಹುಳು ‘ಜ್ವರ’ಕ್ಕೆ, ಎಂದರೆ ಪೊರೆ ಬಿಡುವ ಮುನ್ನಿನ ನಿದ್ದೆಗೆ, ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ತೇವವನ್ನು ಹೀರಿಸಲಾಗುತ್ತದೆ.

ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಕಾಗದ ತೇವಕ್ಕೆ ಹಿಗ್ಗಿ ಕುಗ್ಗದಂತೆ ತಡೆಯಲು ರೂಪಿಸಿದ ವ್ಯವಸ್ಥೆಯ ತತ್ತ್ವವೇ ಮನೆಯ ತೇವ ತೆಗೆಯುವ ಇಂದಿನ ಯಂತ್ರ ಡಿಹ್ಯೂಮಿಡಿಫೈಯರ್‌ನದು. ಕೋಣೆಯ ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿದಾಗ ಆವಿಯು ಹನಿಗಟ್ಟಿ ಕೆಳಗಿನ ತೊಟ್ಟಿಗಿಳಿಯುತ್ತದೆ. ಕಿಟಕಿ ಬಾಗಿಲು ಮುಚ್ಚಿದಾಗಲೇ ಸಮರ್ಥವಾಗಿ ದುಡಿಯುವ ಈ ಯಂತ್ರಕ್ಕೆ ಬಾಯ್ದೆರೆದ ತೊಟ್ಟಿಮನೆಯಲ್ಲಿ ಕೆಲಸವೇ ಇರುತ್ತಿರಲಿಲ್ಲ. ಹೆಂಚು ಹೋಗಿ ಆರ್‌ಸಿಸಿ ಚಾವಣಿ ಬಂದು, ಗಳ ಕಟ್ಟುವ ತೊಲೆಯೂ ಕಾವು ಕೊಡುವ ಸೌದೆ ಒಲೆಯೂ ಇಲ್ಲವಾದ ಮನೆಗಳಲ್ಲಿ, ಒದ್ದೆ ಬಟ್ಟೆಯ ನೀರು ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟಾಗಿ ಉಳಿಯತೊಡಗಿದ ಮೇಲೆಯೇ ಅದರ ಅಗತ್ಯ ಕಂಡಿತು.