ಹವಳ: ಕಲ್ಲೋ, ಗಿಡವೋ, ಪ್ರಾಣಿಯೋ?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಲಕ್ಷದ್ವೀಪದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹವಳ ಅಂದ್ರೆ ಕಲ್ಲಾ, ಗಿಡಾನಾ?" ಎಂದು ಕೇಳಿದನು. "ಉಂಗುರದಲ್ಲಿ ನೋಡಿಲ್ವೇನೋ? ಕಲ್ಲು. ಕೂತ್ಕೋ" ಎಂದೆ. ತರಗತಿಯೆಲ್ಲ ನಕ್ಕಿತು.

ಆ ಹುಡುಗ ಈಗ ಅಮೆರಿಕದಲ್ಲಿದ್ದಾನೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಉಪ್ಪುನೀರಿನಲ್ಲಿ ಜೀವಂತ ಹವಳಗಳನ್ನು ಸಾಕುತ್ತಿದ್ದಾನೆ. ಕಳೆದ ತಿಂಗಳು ಅವನಿಂದ ಮೂರು ಚಿತ್ರಗಳು ಬಂದವು. ಅಲ್ಲಿನವರು ಅವುಗಳನ್ನು ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್ ಎಂದು ಕರೆಯುತ್ತಾರಂತೆ, ಕೊನೆಯದೆಂದರೆ ಕಪ್ಪೆಮೊಟ್ಟೆ! ಮೂರೂ ಯೂಫಿಲಿಯಾ ಎಂಬ ಒಂದೇ ಕುಲದವೆಂದು ನಂಬಿ ಅಕ್ಕಪಕ್ಕದಲ್ಲಿ ಇಟ್ಟನಂತೆ. ಟಾರ್ಚ್ ತಗುಲಿದ ಕಡೆ ಹ್ಯಾಮರ್ ಸುಟ್ಟಂತಾಗಿ ಸತ್ತಿತು. ಕಪ್ಪೆಮೊಟ್ಟೆಯೂ ಹ್ಯಾಮರೂ ಮಾತ್ರ ಒಂದನ್ನೊಂದು ತಾಗಿಕೊಂಡೇ ಸುಖವಾಗಿವೆ. "ಯಾಕೆ ಸಾರ್?" ಎಂದು ಬರೆದಿದ್ದ. ಹಳೆಯ ಪ್ರಶ್ನೆಯನ್ನು ಅವನು ಎತ್ತಿರಲಿಲ್ಲ. ನಾನು ಮರೆತಿರಲಿಲ್ಲ.

ಉತ್ತರ ಹುಡುಕುತ್ತ ಹೋದಾಗ ಮೂರು ಶತಮಾನಗಳ ಕಥೆಯೊಂದು ಬಿಚ್ಚಿಕೊಂಡಿತು.

ಹಳಗನ್ನಡದ ಪವಳವೇ ನಮ್ಮ ಹವಳ. ಸಂಸ್ಕೃತದ 'ಪ್ರವಾಳ'ಕ್ಕೆ ಚಿಗುರೆಂಬ ಅರ್ಥವೂ ಉಂಟು; 'ವಿದ್ರುಮ'ದಲ್ಲಿ ಮರವೇ ಅಡಗಿದೆ. ಆದರೂ ನಾವು ಅದನ್ನು ನವರತ್ನಗಳಲ್ಲಿ ಸೇರಿಸಿದೆವು. ಯುರೋಪಿನವರಿಗೂ ಇದೇ ಗೊಂದಲ. ನೀರಿನೊಳಗೆ ಮೆತ್ತನೆಯ ಗಿಡ, ಗಾಳಿ ತಾಗಿದೊಡನೆ ಕಲ್ಲಾಗುತ್ತದೆ ಎಂದು ಬಹುಕಾಲ ನಂಬಿದ್ದರು. 1706ರಲ್ಲಿ ಇಟಲಿಯ ಮಾರ್ಸಿಲಿ ಎಂಬಾತ ಕೆಂಪು ಹವಳದ ಕೊಂಬೆಗಳನ್ನು ಸಮುದ್ರದ ನೀರಿನಲ್ಲಿಯೇ ಇಟ್ಟು ನೋಡಿದಾಗ ಎಂಟು ಎಸಳಿನ ಬಿಳಿಯ 'ಹೂಗಳು' ಅರಳಿದವು. ಹೂವಿದ್ದ ಮೇಲೆ ಗಿಡವಲ್ಲದೆ ಮತ್ತೇನು?

ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಝಾನ್ ಆಂದ್ರೆ ಪೇಸೊನೆಲ್ ಇದನ್ನು ಒಪ್ಪಲಿಲ್ಲ. ಮೊದಲು ಮಾರ್ಸೇಯಲ್ಲಿ, ಆಮೇಲೆ 1725ರಲ್ಲಿ ಉತ್ತರ ಆಫ್ರಿಕದ ಕರಾವಳಿಯಲ್ಲಿ ಆತನು ಜೀವಂತ ಹವಳವನ್ನು ತಾಳ್ಮೆಯಿಂದ ಗಮನಿಸಿದನು. ಆ ಹೂಗಳು ನೀರಿನಲ್ಲಿ ಅರಳುತ್ತವೆ, ಮುಟ್ಟಿದರೆ ಒಳಸೇರುತ್ತವೆ. ಇವು ಹೂಗಳಲ್ಲ, ಪುಟ್ಟ ಪ್ರಾಣಿಗಳು; ಕಲ್ಲು ಅವು ಕಟ್ಟಿಕೊಂಡ ಮನೆ ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಬರೆದನು. ಅಲ್ಲಿನ ಹಿರಿಯ ವಿದ್ವಾಂಸ ರೆಯೊಮ್ಯೂರ್‌ನಿಗೆ ಇದು ಎಷ್ಟು ಅಸಂಬದ್ಧವಾಗಿ ತೋರಿತೆಂದರೆ, ಈ ವಾದವನ್ನು ಅಕಾಡೆಮಿಯಲ್ಲಿ ಪ್ರಸ್ತಾಪಿಸುವಾಗ ಪಾಪ, ಮಾನ ಉಳಿಯಲಿ ಎಂದು ಪೇಸೊನೆಲ್‌ನ ಹೆಸರನ್ನೇ ಹೇಳಲಿಲ್ಲ! ಈ ದಯೆಗಿಂತ ನೇರವಾಗಿ ಬೈದಿದ್ದರೆ ಒಳಿತಿತ್ತು ಎಂದು ನನಗನ್ನಿಸುತ್ತದೆ. ಪೇಸೊನೆಲ್ ದೂರದ ಗ್ವಾಡೆಲೂಪ್ ದ್ವೀಪಕ್ಕೆ ರಾಜವೈದ್ಯನಾಗಿ ಹೊರಟುಹೋದನು. 1740ರಲ್ಲಿ ಟ್ರಾಂಬ್ಲೆ ಸಿಹಿನೀರಿನ ಹೈಡ್ರಾವನ್ನು ಪರೀಕ್ಷಿಸತೊಡಗಿ ಅದು ಪ್ರಾಣಿಯೆಂದು ತೋರಿಸಿದ ಮೇಲೆ ವಿದ್ವಾಂಸರ ಕಣ್ಣು ತೆರೆಯಿತು. 1742ರಲ್ಲಿ ರೆಯೊಮ್ಯೂರ್ ತನ್ನ ಗ್ರಂಥದಲ್ಲಿ ಪೇಸೊನೆಲ್‌ನ ಹೆಸರು ಹೇಳಿ ತಪ್ಪೊಪ್ಪಿಕೊಂಡನು. ಪೇಸೊನೆಲ್ ಮಾತ್ರ ಊರಿಗೆ ಮರಳಿ ನೆಲೆಸಲಿಲ್ಲ. 1759ರಲ್ಲಿ ಗ್ವಾಡೆಲೂಪಿನಲ್ಲಿಯೇ ತೀರಿಕೊಂಡನು.

ಹವಳ ಪ್ರಾಣಿಯೆಂದು ಒಪ್ಪಿದ ಮೇಲೆಯೂ ಅದನ್ನು ಗುರುತಿಸಿದ್ದು ಕಲ್ಲಿನಿಂದಲೇ! ಹಡಗುಗಳಲ್ಲಿ ಯುರೋಪಿಗೆ ಬರುತ್ತಿದ್ದುದು ಒಣಗಿದ ಅಸ್ಥಿಪಂಜರ ಮಾತ್ರ. ಅದರ ಗುಳಿ, ಗೆರೆಗಳನ್ನು ನೋಡಿ ಹೆಸರಿಟ್ಟರು. ಒಂದೇ ಜಾತಿಯ ಹವಳ ಅಲೆಯ ಹೊಡೆತದಲ್ಲಿ ಒಂದು ಆಕಾರ, ಆಳದ ಮಂದಬೆಳಕಿನಲ್ಲಿ ಇನ್ನೊಂದು ಆಕಾರ ತಾಳುತ್ತದೆ. ಹೀಗಾಗಿ ಒಂದಕ್ಕೇ ಹಲವು ಹೆಸರುಗಳು ಬಿದ್ದವು.

ಜೀವಂತ ಹವಳವನ್ನು ಮನೆಯ ತೊಟ್ಟಿಯಲ್ಲಿ ನೋಡುವ ಕಾಲ ಬಂದದ್ದು ತೀರ ಈಚೆಗೆ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು, ಸಮುದ್ರದ ಜೀವಂತ ಕಲ್ಲುಗಳನ್ನೇ ತೊಟ್ಟಿಯಲ್ಲಿಟ್ಟು ಗಾಳಿಯ ಗುಳ್ಳೆ ಹಾಯಿಸಿ ಸಾಕುವ ಕ್ರಮವನ್ನು ಪ್ರಕಟಿಸಿದರು. (ನಮ್ಮ ನೇತ್ರಾಣಿಯಲ್ಲೂ ಹವಳವಿದೆ ಎಂದು ಯಾರೂ ಕೈಹಾಕಬೇಡಿರಿ. 2001ರಲ್ಲಿ ಇವುಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿಸಲಾಗಿದೆ.)

ಇನ್ನು ಹುಡುಗನ ಪ್ರಶ್ನೆ. ಟಾರ್ಚ್‌ಗೆ ಜಾತಿನಾಮ ದೊರೆತದ್ದು 1821ರಲ್ಲಿ. ಹ್ಯಾಮರ್, ಕಪ್ಪೆಮೊಟ್ಟೆಗಳನ್ನು ವೆರಾನ್ ಮತ್ತು ಪಿಶೋನ್ ಹೆಸರಿಸಿದ್ದು 1980ರಲ್ಲಿ. ಈ ಎರಡರ ಅಸ್ಥಿಪಂಜರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೇರ್ಪಡಿಸುವುದು ಕಷ್ಟ. ಜೀವವಿದ್ದಾಗ ಕರಬಳ್ಳಿಗಳ ತುದಿ ನೋಡಿ ಮಗುವೂ ಹೇಳಬಲ್ಲದು. ಒಂದರದು ಲಂಗರಿನಂತೆ, ಇನ್ನೊಂದರದು ಕವಲು ಕವಲು. 2017ರಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಇವೆರಡನ್ನೂ ಯೂಫಿಲಿಯಾದಿಂದ ಹೊರತೆಗೆದು ಫಿಂಬ್ರಿಯಾಫಿಲಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಟಾರ್ಚ್ ಹಳೆಯ ಮನೆಯಲ್ಲೇ ಉಳಿಯಿತು. ಇವು ಮರಿಮಾಡುವ ಬಗೆಯೂ ಬೇರೆ: ಟಾರ್ಚ್ ಮರಿಗಳನ್ನು ಒಡಲಲ್ಲೇ ಬೆಳೆಸುತ್ತದೆ, ಉಳಿದವು ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುತ್ತವೆ. ಸಾಕುವವರು ಮಾತ್ರ ಯಾವುದು ಯಾವುದನ್ನು ಕುಟುಕುತ್ತದೆ ಎಂಬುದರಿಂದಲೇ ಈ ವ್ಯತ್ಯಾಸವನ್ನು ಎಂದೋ ಅರಿತಿದ್ದರು.

ಇಷ್ಟನ್ನೂ ಅವನಿಗೆ ಬರೆದು, ಟಾರ್ಚನ್ನು ದೂರವಿಡು ಎಂದೆ. ಕೊನೆಯಲ್ಲಿ, ಅಂದು ತರಗತಿಯಲ್ಲಿ ನಾನು ಹೇಳಿದ್ದು ತಪ್ಪು. ಹವಳ ಪ್ರಾಣಿ, ಅದರ ಮನೆ ಕಲ್ಲು, ಅದರ ಮೈಯೊಳಗೆ ಬಿಸಿಲಿನಿಂದ ಅನ್ನ ಮಾಡುವ ಸೂಕ್ಷ್ಮ ಪಾಚಿಯೂ ಇದೆ. ಗಿಡವೇ ಎಂದು ನೀನು ಕೇಳಿದ್ದು ನಗುವ ಪ್ರಶ್ನೆಯಾಗಿರಲಿಲ್ಲ ಎಂದು ಸೇರಿಸಿದೆ. ಮರುದಿನವೇ ಉತ್ತರ ಬಂತು: "ಸಾರ್, ನಿಮಗಿನ್ನೂ ನೆನಪಿದೆಯಾ?"