ಇಂಗಾಲದ ಹೊರಸೂಸುವಿಕೆ ಮತ್ತು ಬ್ಯಾಂಕುಗಳು

ಕಲ್ಲಿದ್ದಲು, ತೈಲ, ಸಿಮೆಂಟು, ಉಕ್ಕು ಮೊದಲಾದ ಉದ್ಯಮಗಳು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಕೊನೆಗೆ ಬ್ಯಾಂಕುಗಳ ಸಾಲದ ಖಾತೆಗೂ ತಟ್ಟುತ್ತದೆ. ಹಣಕಾಸು ಕ್ಷೇತ್ರದಲ್ಲಿ ಇದಕ್ಕೆ ಹವಾಮಾನ ಅಪಾಯ ಎನ್ನುತ್ತಾರೆ. ಬ್ಯಾಂಕಿನ ಕಟ್ಟಡದಿಂದ ಹೊರಡುವ ಹೊಗೆ ಅತ್ಯಲ್ಪ. ಅದು ಕೊಟ್ಟ ಸಾಲದಿಂದ ಉರಿಯುವ ಕುಲುಮೆಯ ಹೊಗೆಯೇ ಇಲ್ಲಿ ಮುಖ್ಯ. ಒಂದು ಕಂಪನಿಯ ಬಂಡವಾಳ ಮತ್ತು ಸಾಲ ಸೇರಿ 1,000 ಕೋಟಿ ರೂಪಾಯಿ, ಅದರಲ್ಲಿ ಬ್ಯಾಂಕಿನದು 200 ಕೋಟಿ ಎಂದಿಟ್ಟುಕೊಂಡರೆ, ಆ ಕಂಪನಿಯ ಹೊರಸೂಸುವಿಕೆಯ ಐದನೇ ಒಂದು ಪಾಲು ಬ್ಯಾಂಕಿನ ಲೆಕ್ಕಕ್ಕೆ ಸೇರುತ್ತದೆ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಣಕಾಸು ಸಂಸ್ಥೆಗಳು ಆರಂಭಿಸಿದ ಪಿಸಿಎಎಫ್ ಒಕ್ಕೂಟ ಈ ಬಗೆಯ ಎಣಿಕೆಯನ್ನು ರೂಢಿಗೆ ತಂದಿತು.

ಅದೇ ವರ್ಷದ ಸೆಪ್ಟೆಂಬರ್ 29ರಂದು ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಗವರ್ನರ್ ಮಾರ್ಕ್ ಕಾರ್ನಿ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯಲ್ಲಿ ಮಾಡಿದ ಭಾಷಣ ಈ ವಿಷಯವನ್ನು ಕೇಂದ್ರ ಬ್ಯಾಂಕುಗಳ ಮುಂದಿಟ್ಟಿತು. ನೆರೆ, ಬರ, ಬಿರುಗಾಳಿಗಳಿಂದಾಗುವ ನೇರ ನಷ್ಟ; ನೊಂದವರು ಹೂಡುವ ಪರಿಹಾರದ ದಾವೆ; ಕಾನೂನು ಮತ್ತು ತಂತ್ರಜ್ಞಾನ ಬದಲಾದಾಗ ಹಳೆಯ ಉದ್ಯಮಗಳ ಬೆಲೆ ಕುಸಿಯುವುದು ಎಂದು ಮೂರು ಅಪಾಯಗಳನ್ನು ಅವರು ಹೆಸರಿಸಿದರು. ಹಾನಿ ಪೂರ್ತಿ ಕಣ್ಣಿಗೆ ಬೀಳುವಷ್ಟರಲ್ಲಿ ಇಂದು ನಿರ್ಧಾರ ಮಾಡುವವರ ಅಧಿಕಾರಾವಧಿ ಮುಗಿದಿರುತ್ತದೆ ಎಂಬುದೇ ಅವರ ಮಾತಿನ ತಿರುಳು.

ಭಾರತದ ಬ್ಯಾಂಕುಗಳಿಗೆ ಈ ಮೂರರಲ್ಲಿ ಮೊದಲನೆಯದೇ ಹತ್ತಿರದ್ದು. ಆದ್ಯತಾ ವಲಯದ ನಿಯಮದಂತೆ ಅವು ತಮ್ಮ ಸಾಲದ ಶೇ. 18ರಷ್ಟನ್ನು ಕೃಷಿಗೆ ಕೊಡಬೇಕು. ಸಾಲಗಾರರು ಹಲವರಾದರೆ ಅಪಾಯ ಹಂಚಿಹೋಗುತ್ತದೆ ಎಂಬುದು ಬ್ಯಾಂಕಿಂಗಿನ ಹಳೆಯ ನಂಬಿಕೆ. ಮಳೆ ಕೈಕೊಟ್ಟ ವರ್ಷ ಆ ನಂಬಿಕೆ ನಿಲ್ಲುವುದಿಲ್ಲ: ಬೆಳೆ ಸಾಲ ಪಡೆದವರು, ಟ್ರ್ಯಾಕ್ಟರ್ ಸಾಲದವರು, ಪೇಟೆಯ ಗೊಬ್ಬರದಂಗಡಿಯವರು ಎಲ್ಲರ ಕಂತೂ ಒಟ್ಟಿಗೇ ತಪ್ಪುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಒಂದು ಬರಕ್ಕೆ ಇಂಗಾಲವೇ ಕಾರಣವೆಂದು ಬೊಟ್ಟು ಮಾಡಲಾಗದು. ಆದರೆ ಭೂಮಿ ಬಿಸಿಯಾದಂತೆ ಇಂಥ ವರ್ಷಗಳು ಕಠಿಣವಾಗುತ್ತವೆ. ನೈಸರ್ಗಿಕ ವಿಕೋಪದಲ್ಲಿ ಬೆಳೆ ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಾದರೆ ಸಾಲದ ಗಡುವು ಮುಂದೂಡಲು ರಿಸರ್ವ್ ಬ್ಯಾಂಕಿನ ನಿಯಮಗಳು ಅವಕಾಶ ಕೊಟ್ಟವು. ಗಡುವು ಮುಂದೆ ಹೋದರೂ ಸಾಲ ರೈತನ ತಲೆಯ ಮೇಲೇ ಉಳಿಯುತ್ತದೆ. ಹೊಗೆಯಲ್ಲಿ ಅತಿ ಕಡಿಮೆ ಪಾಲಿರುವವನು ಮೊದಲು ಸುಸ್ತಿದಾರನಾಗುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ಬೆಲೆ ಕುಸಿತದ ಅಪಾಯ ಕೈಗಾರಿಕೆಗಳ ಕಡೆಯಿಂದ ಬರುತ್ತದೆ. ಐರೋಪ್ಯ ಒಕ್ಕೂಟ ತನ್ನ ಗಡಿಯಲ್ಲಿ ಉಕ್ಕು, ಸಿಮೆಂಟು, ಅಲ್ಯೂಮಿನಿಯಂಗಳ ಮೇಲಿನ ಇಂಗಾಲ ಶುಲ್ಕವನ್ನು 2026ರ ಜನವರಿ 1ರಿಂದ ಜಾರಿಗೆ ತಂದಿತು. ಅಲ್ಲಿಗೆ ರಫ್ತು ಮಾಡುವ ಕಾರ್ಖಾನೆಯ ಲಾಭ ಇಳಿದರೆ ಅದಕ್ಕೆ ಸಾಲ ಕೊಟ್ಟವರ ಭದ್ರತೆಯೂ ಇಳಿಯುತ್ತದೆ.

ಇಂಥ ಅಪಾಯಗಳನ್ನು ಎದುರಿಸಲು ಕೇಂದ್ರ ಬ್ಯಾಂಕುಗಳ ಎನ್‌ಜಿಎಫ್‌ಎಸ್ ಕೂಟ 2017ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ರಿಸರ್ವ್ ಬ್ಯಾಂಕ್ 2021ರಲ್ಲಿ ಅದನ್ನು ಸೇರಿತು. ಅಮೆರಿಕದ ಫೆಡರಲ್ ರಿಸರ್ವ್ 2025ರ ಜನವರಿಯಲ್ಲಿ ಹೊರನಡೆಯಿತು. ಬ್ಯಾಂಕುಗಳು ತಮ್ಮ ಹವಾಮಾನ ಅಪಾಯವನ್ನು ಬಹಿರಂಗಪಡಿಸಬೇಕೆಂಬ ಕರಡು ನಿಯಮಗಳನ್ನು ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಮಳೆಯನ್ನೇ ನಂಬಿದ ರೈತರಿಗೆ ಅತಿ ಹೆಚ್ಚು ಹತ್ತಿರವಿರುವ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳನ್ನು ಆ ಕರಡು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು.