ಮೀನಿಗೆ ಮುನಿದ ರಕ್ತ

ಲಷ್ಕರ್ ಮೊಹಲ್ಲಾದ ನನ್ನ ಬಾಡಿಗೆ ಕೋಣೆಯ ಮೇಜಿನ ಮೇಲೆ ಒಂದು ಲ್ಯಾಬ್ ರಿಪೋರ್ಟಿದೆ. ಮೈಮೇಲೆ ಗಂದೆ ಎದ್ದಿತೆಂದು ರಕ್ತ ಕೊಟ್ಟಿದ್ದೆ; ‘ಮೀನು: ಪಾಸಿಟಿವ್’ ಎಂದು ಬಂತು. “ಇನ್ಮೇಲೆ ಮೀನು ಮುಟ್ಟಬೇಡ” ಎಂದು ಅವ್ವ ಫೋನಿನಲ್ಲೇ ಅಪ್ಪಣೆ ಕೊಟ್ಟಳು. ಚಿಕ್ಕಂದಿನಿಂದ ತಿಂದ ಮೀನು ಈಗ ಹಗೆಯಾಯಿತೇ? ಹಳೆಯ ಕಾಗದ ಕೆದಕುವುದೇ ನನ್ನ ಕಸುಬು. ಈ ಪರೀಕ್ಷೆಯ ಚರಿತ್ರೆಯನ್ನೂ ಕೆದಕಿದೆ.

ಅದು ಶುರುವಾಗುವುದೇ ಮೀನಿನಿಂದ. ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ವೈದ್ಯ ಹೈಂಜ್ ಕ್ಯೂಸ್ಟ್ನರ್ ಅವರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್ ತಮ್ಮದೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಗಂದೆ ಎದ್ದಿತು, ಅದೂ ಮೀನು ಒಗ್ಗುತ್ತಿದ್ದ ಮೈಯಲ್ಲಿ! ಅಲರ್ಜಿಯ ಗುಟ್ಟು ಸೀರಮ್ಮಿನಲ್ಲಿದೆ ಎಂದು ಅವರು 1921ರಲ್ಲಿ ಪ್ರಕಟಿಸಿದರು. ಇಂದಿನ ಯಾವ ಎಥಿಕ್ಸ್ ಕಮಿಟಿಯೂ ಇದಕ್ಕೆ ಸಹಿ ಹಾಕಲಾರದು.

ಆ ಗುಟ್ಟಿಗೆ ಐಜಿಇ ಎಂಬ ಹೆಸರು ಸಿಗಲು 1960ರ ದಶಕ ಬರಬೇಕಾಯಿತು. ಅಮೆರಿಕದಲ್ಲಿ ಇಶಿಝಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಅದನ್ನು ಬೇರೆಬೇರೆಯಾಗಿ ಕಂಡುಕೊಂಡರು. 1967ರ ರಾಸ್ಟ್ ಪರೀಕ್ಷೆಯಿಂದ ಅದನ್ನು ಪ್ರಯೋಗಾಲಯದಲ್ಲೇ ಅಳೆಯುವಂತಾಯಿತು. ಇನ್ನೊಬ್ಬರ ಚರ್ಮದ ಹಂಗು ತಪ್ಪಿತು.

ಆದರೆ ರಕ್ತದಲ್ಲಿ ಐಜಿಇ ಇದ್ದ ಮಾತ್ರಕ್ಕೆ ಅಲರ್ಜಿ ಇದೆಯೆಂದಲ್ಲ. ಇದಕ್ಕೆ ಪುರಾವೆ ನಮ್ಮೂರಿನಲ್ಲೇ ಇದೆ. ಬೆಂಗಳೂರು, ಮೈಸೂರುಗಳ ವಯಸ್ಕರ ಮೇಲೆ ನಡೆದ ಯೂರೋಪ್ರಿವಾಲ್ ಅಧ್ಯಯನ 2016ರಲ್ಲಿ ಪ್ರಕಟವಾಯಿತು, ಮೈಸೂರಿನ ಡಾ. ಪಿ. ಎ. ಮಹೇಶ್ ಅದರ ಮೊದಲ ಲೇಖಕರು. ಅದರ ಪ್ರಕಾರ ಶೇ 26.5ರಷ್ಟು ಮಂದಿಯ ರಕ್ತ ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್. ನಿಜಕ್ಕೂ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ.

ರಿಪೋರ್ಟು ಹಿಡಿದು ವೈದ್ಯರ ಬಳಿ ಹೋದೆ. “ಮೀನು ತಿಂದ ಎಷ್ಟು ಹೊತ್ತಿಗೆ ಗಂದೆ ಎದ್ದಿತು?” ಎಂದು ಕೇಳಿದರು. ಅಂದು ನಾನು ಮೀನೇ ತಿಂದಿರಲಿಲ್ಲ. ಅವ್ವನಿಗೆ ಇದನ್ನು ಹೇಳುವುದು ಬಾಕಿಯಿದೆ.